ಸರೋಜ ಮೇಡಂ ಕೆಂಪಿಂಕಿನಲ್ಲಿ ಬರೆದದ್ದು

ನಮ್ಮ ಹೈಸ್ಕೂಲಿನ ಕನ್ನಡ ಮೇಡಂ ಸರೋಜ ಗಂಜಾಂನವರು, ಪೂಜೆ ಮಾಡುವವರ ಮನೆಯ ಹೆಣ್ಣುಮಗಳು. ಹಲ್ಲಿ ಲೊಚಗುಟ್ಟಿದರೂ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಅನ್ನುವಷ್ಟು ಪುಕ್ಕಲು. ಶೀಳನೆರೆಗೆ ವರ್ಗವಾಗಿ ಬಂದು ಆರು ವರ್ಷವಾದರೂ ಹಸು ಎದುರಾದರೆ ಚರಂಡಿ ದಾಟಿ ನಿಲ್ಲುತ್ತಿದ್ದರು. ಲೆಕ್ಕದ ಮೇಷ್ಟ್ರಾದ ನಾನು ಅದಕ್ಕೆ ಅವರನ್ನು ಬೇಕಾದಷ್ಟು ರೇಗಿಸಿದ್ದೇನೆ.

ಹತ್ತನೇ ಕ್ಲಾಸಿನವರಿಗೆ ಅವರು ಒಂದು ಅಭ್ಯಾಸ ಹಚ್ಚಿದ್ದರು. ವಾರಕ್ಕೊಂದು ಪುಟ ತಮ್ಮ ಮನೆಯ ವಿಷಯ ಬರೆಯಬೇಕು. ‘ನನ್ನ ಬಿಟ್ಟು ಇನ್ನೊಬ್ಬರು ಓದಲ್ಲ’ ಅಂತ ಭಾಷೆಯನ್ನೂ ಕೊಟ್ಟಿದ್ದರು. ಮಿಕ್ಕ ಪುಸ್ತಕಗಳು ಪ್ರತಿ ಶನಿವಾರ ಅಪ್ಪನ ಸಹಿಗೆ ಮನೆಗೆ ಹೋಗುತ್ತವೆ. ಇವು ಮಾತ್ರ ಶಾಲೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಅದು ನನಗೆ ಗೊತ್ತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಅವರು ಮೀಟಿಂಗು ಅಂತ ಕೆ.ಆರ್. ಪೇಟೆಗೆ ಹೋಗಿದ್ದರು. ಮೇಜಿನ ಮೇಲೆ ತಿದ್ದಿದ ಪುಸ್ತಕಗಳ ಕಟ್ಟು ಇತ್ತು. ಉಪಕಾರ ಮಾಡೋಣ ಅಂತ ನಾನೇ ಹಂಚಿ, “ಅಪ್ಪನ ಸಹಿ ಇಲ್ದೆ ಬಂದ್ರೆ ಒಳಗೆ ಸೇರಿಸಲ್ಲ” ಅಂತ ಗದರಿಸಿದೆ. ಮುಂದಿನ ಬೆಂಚಿನ ತನುಶ್ರೀ ಏನೋ ಹೇಳಲು ಎದ್ದಳು. “ಕೂತ್ಕೊ” ಅಂದೆ.

ಮಧ್ಯಾಹ್ನ ಬಂದ ಮೇಡಂ ಖಾಲಿ ಮೇಜು ನೋಡಿದರು. ಪುಸ್ತಕ ನಾನೇ ಹಂಚಿದೆ ಅಂದೆ.

“ತನುಶ್ರೀದೂ ಕೊಟ್ಟುಬಿಟ್ರಾ ಸಾರ್?”

ಹುಡುಗಿ ಬರೆದದ್ದು ಇಷ್ಟು: ಮುಂದಿನ ಗುರುವಾರ ಸೋದರಮಾವನ ಜೊತೆ ಮದುವೆ, ನಾನು ಓದಬೇಕು, ನಾನು ಹೇಳಿದೆ ಅಂತ ಗೊತ್ತಾದರೆ ಅಪ್ಪ ಸಿಗಿದುಹಾಕುತ್ತಾರೆ. ಅದರ ಕೆಳಗೆ ಮೇಡಂ ಕೆಂಪಿಂಕಿನಲ್ಲಿ ದಪ್ಪಗೆ, ‘ಹೆದರಬೇಡ. ಸೋಮವಾರ ಸಹಾಯವಾಣಿಗೆ ಫೋನ್ ಮಾಡಿ ಈ ಮದುವೆ ನಿಲ್ಲಿಸುತ್ತೇನೆ’ ಅಂತ ಬರೆದಿದ್ದರು.

ಮೇಡಂ ಇದನ್ನು ಹೇಳಿದ ಕೂಡಲೇ ನಾನು ಸ್ಕೂಟರಿನ ಕೀ ತೆಗೆದುಕೊಂಡೆ. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಕ್ಕಿಹೆಬ್ಬಾಳಿಗೆ ಹೊರಟೆ. ದಾರಿಯುದ್ದಕ್ಕೂ ಅವರು ನನ್ನ ಅಂಗಿ ಹಿಡಿದು ‘ಕೃಷ್ಣ ಕೃಷ್ಣ’ ಅನ್ನುತ್ತಿದ್ದರು.

ಜಗಲಿಯ ಮೇಲೆ ಹುಡುಗಿಯ ಅಪ್ಪ ನಂಜಪ್ಪ ಕುಳಿತಿದ್ದ. ತೊಡೆಯ ಮೇಲೆ ಆ ಪುಸ್ತಕವೇ ತೆರೆದಿತ್ತು. ತನುಶ್ರೀ ಬಾಗಿಲಿಗೆ ಅಂಟಿಕೊಂಡಿದ್ದಳು. ಮೂಲೆಯಲ್ಲಿ ಅಜ್ಜಿ ಚಿಕ್ಕಬೋರಮ್ಮ ಎಲೆಅಡಿಕೆ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದರು.

“ಬನ್ನಿ ಮೇಡಂ. ಸಹಿ ಆಕುಮಾ ಅಂದ್ರೆ ಕನ್ನಡ್ಕ ಸಿಕ್ತಿಲ್ಲ,” ಅಂದ ನಂಜಪ್ಪ. ಪುಟವನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿದ. “ಕೆಂಪಿಂಕೇ ಬಾಳ ಅದಲ್ಲ. ಬರೀ ತಪ್ಪೇ ಬರ್ದವ್ಳಾ?”

ನಾನು ಅಂಗಳದಲ್ಲೇ ನಿಂತೆ. ಮೇಡಂ ಮಾತ್ರ ಮೆಟ್ಟಿಲು ಹತ್ತಿ, ಪುಸ್ತಕ ಇಸಕೊಂಡು, ಕೊನೆಯ ಖಾಲಿ ಪುಟ ತೆಗೆದರು.

“ತಪ್ಪೇನಿಲ್ಲ. ಚೆನ್ನಾಗಿ ಬರ್ದಿದಾಳೆ. ಸಹಿ ಇಲ್ಲಿ ಹಾಕಿ.”

“ಬಿರ್ನೆ ಆಕ್ಲಾ, ಡೇರಿಗೆ ಹೊತ್ತಾಯ್ತು,” ಅಂದರು ಅಜ್ಜಿ. ನಂಜಪ್ಪ ಸಹಿ ಗೀಚಿ, ಹಾಲಿನ ಕ್ಯಾನು ಹಿಡಿದು ಹೊರಟ. ಮೇಡಂ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡರು. ಗೆದ್ದೆವು ಅಂದುಕೊಂಡೆ.

ಅಜ್ಜಿ ಸ್ಕೂಟರಿನವರೆಗೂ ಬಂದರು. ಅವರ ಚೀಲದ ಬಾಯಲ್ಲಿ ಕನ್ನಡಕದ ಕಡ್ಡಿ ಇಣುಕುತ್ತಿತ್ತು.

“ಹೆಣ್ಮಗ ನಂಗೆ ಎಲ್ಲಾನೂ ಓದೇಳ್ತು,” ಅಂದರು ಮೆಲ್ಲಗೆ. “ಅದ್ಕೆ ಗೊತ್ತಿಲ್ಲ ಮೇಡಂ, ಮದ್ವೆ ಗುರ್ವಾರ ಅಲ್ಲ. ಮುಂಚೆಗೆ ತಂದ್ಬುಟ್ಟವ್ರೆ. ನಾಗಮಂಗ್ಲದ ಕಡೆ ನೆಂಟ್ರ ಮನೇಲಿ, ನಾಳೀಕ್ ಬೆಳಿಗ್ಗೆನೇ. ಸ್ವಾಮಾರ ಅಂತ ಕೂತ್ಕೋಬ್ಯಾಡಿ.”

ಊರ ಹೊರಗೆ ರೈಲ್ವೆ ಸ್ಟೇಷನ್ನಿನ ಹತ್ತಿರ ಮೇಡಂ ಸ್ಕೂಟರು ನಿಲ್ಲಿಸಲು ಹೇಳಿ, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ನಂಬರು ಎರಡು ಸಲ ತಪ್ಪಿತು. ಹೆಸರು ಹೇಳದಿದ್ದರೂ ನಡೆಯುತ್ತದೆ ಅಂತ ಆ ಕಡೆಯವರು ಅಂದಿರಬೇಕು.

“ಇಲ್ಲ, ಬರ್ಕೊಳ್ಳಿ. ಸರೋಜ. ಆ ಮಗುವಿನ ಟೀಚರು. ಯಾರು ಹೇಳಿದ್ದು ಅಂತ ಮನೆಯವರು ಕೇಳ್ತಾರೆ. ನನ್ನ ಹೆಸರೇ ಹೇಳಿ. ಮಗುವಿನ ಮೇಲೆ ಅನುಮಾನ ಬರಬಾರದು.”

ಸಂಜೆಗೆ ನಂಜಪ್ಪನ ಮನೆಗೆ ಅಧಿಕಾರಿಗಳ ಜೀಪು ಬಂತು, ಮದುವೆ ನಿಂತಿತು. ನಂಜಪ್ಪ ಸೋಮವಾರ ಶಾಲೆಯ ಗೇಟಿನಲ್ಲಿ ನಿಂತು ಕೂಗಾಡಿದ್ದು ಮೇಡಂ ಹೆಸರನ್ನೇ. ಅವರು ನಡುಗುತ್ತಲೇ ಗೇಟಿಗೆ ಹೋದರು.

ಅವತ್ತು ಸ್ಟೇಷನ್ನಿನ ಹತ್ತಿರ ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಹೆಸರನ್ನೂ ಸೇರಿಸಿ ಅನ್ನಲು ನನಗೆ ಬಾಯಿ ಬರಲಿಲ್ಲ.