ಡಬ್ಬಿಕೋವಿಗೆ ಇಟ್ಟ ಚೆಂಡುಹೂ

ಅವರ ಬಲಗೈಯ ತೋರುಬೆರಳು ಯಾವತ್ತೂ ಮಡಚುತ್ತಿರಲಿಲ್ಲ. ಕಾಫಿ ಲೋಟ ಹಿಡಿದರೂ ಸರಿ, ಲಿಫ್ಟಿನಲ್ಲಿ ತರಕಾರಿ ಚೀಲ ಹಿಡಿದು ನಿಂತರೂ ಸರಿ, ಅದೊಂದು ಮಾತ್ರ ನೆಟ್ಟಗೆ ಚಾಚಿಕೊಂಡಿರುತ್ತಿತ್ತು. ಕೊಲ್ಲಿ ನಾಡಿಗೆ, ಕರಾಮದ ಈ ಹಳೇ ಕಟ್ಟಡಕ್ಕೆ ಬಂದ ಹೊಸತರಲ್ಲಿ ‘ಅಬ್ಬಾ, ಏನು ಗತ್ತಪ್ಪಾ ಈ ಮನುಷ್ಯಂದು’ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಎದುರು ಮನೆಯ ಈ ಕೊಡಗಿನವರು ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಕೋವಿಗಳನ್ನು ನೋಡಿಕೊಳ್ಳುವವರು. ಗುರಿ ಹಿಡಿಯುವ ತನಕ ಬೆರಳು ಟ್ರಿಗರ್ ಮುಟ್ಟಬಾರದೆಂಬ ಪಾಠ ಅವರ ಮೈಯೊಳಗೇ ಇಳಿದುಬಿಟ್ಟಿತ್ತು. ಕಟ್ಟಡದ ಮಕ್ಕಳಿಗೆಲ್ಲ ಅವರು ಕೋವಿ ಅಂಕಲ್. ನನಗೂ ಅಷ್ಟೆ.

ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆಗಿದ್ದರು. ಸಂಜೆ ಕಾಫಿಗೆ ನಮ್ಮಲ್ಲಿಗೆ ಬಂದರೆ ಮಾತೆಲ್ಲ ಕೋವಿಯದೇ. ನಾನೋ ದೀಪಾವಳಿಯ ಪಟಾಕಿಗೇ ಕಿವಿ ಮುಚ್ಚಿಕೊಂಡು ಅಡುಗೆಮನೆ ಸೇರುವ ಮೈಸೂರಿನವಳು.

“ಹೆದರ್ಬೇಡಿ ಅಮ್ಮ. ನಮ್ಮಲ್ಲಿ ಕೋವಿ ಸುದ್ದಿ ಹೇಳೋದಿಕ್ಕೂ ಉಂಟು. ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಯಾರಾದ್ರೂ ಸತ್ರೆ ಎರಡು. ಊರಿಗೆಲ್ಲ ಕೇಳ್ಬೇಕಲ್ವಾ?” ಎನ್ನುತ್ತಿದ್ದರು. ಹಿಂದೆಯೇ ನಗು. “ನಾನು ಹೋದಾಗ ಮರೀದೆ ಎರಡು ಹೊಡೆಸಿ. ಒಂದಕ್ಕೇ ನಿಲ್ಲಿಸಿದ್ರೆ ಈ ವಯಸ್ಸಲ್ಲಿ ಇವನಿಗೆ ಮಗು ಆಯ್ತಾ ಅಂತ ಮಾನ ಹೋಗ್ತದೆ!”

“ಸುಮ್ನಿರಿ ಅಂಕಲ್, ಸಂಜೆ ಹೊತ್ತು ಏನು ಮಾತು ಇದು” ಎಂದು ನಾನು ಗದರುತ್ತಿದ್ದೆ.

ಅಪ್ಪನ ಕಾಲದ ಜೋಡಿನಳಿಗೆಯ ಕೋವಿಯಲ್ಲಿ ಪಳಗಿದ ಕೈ ಅವರದು. ಲೈಸೆನ್ಸಿದ್ದ ಇಲ್ಲಿನವರೊಬ್ಬರು ಹೊಸ ಪಂಪ್ ಕೋವಿಯೊಂದನ್ನು ತಂದು ಕ್ಲಬ್ಬಿನಲ್ಲಿಟ್ಟಾಗ ಮೊದಮೊದಲು ಮೂಗು ಮುರಿದರು. ಮುಂದಿನ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ತೋಟಾ ಏರುವ ಕೋವಿ. ತೋಟಾ ತುಂಬುವ ಡಬ್ಬಿಯಂಥ ಮ್ಯಾಗಜೀನನ್ನು ಕೆಳಗಿನಿಂದ ಕಳಚಿ ತೆಗೆಯಬಹುದು. ಅದಕ್ಕೆ ಡಬ್ಬಿಕೋವಿ ಎಂದು ಹೆಸರಿಟ್ಟರು. ತಿಂಗಳು ಕಳೆಯುವುದರೊಳಗೆ ಅದರ ಮೇಲೆ ಮೋಹ ಬಂತು. “ಕಾನೂನು ಬಿಗಿ ಇರೋ ಊರಿಗೆ ಹೇಳಿ ಮಾಡಿಸಿದ್ದು. ಡಬ್ಬಿ ಒಂದು ಬೀರುವಿಗೆ, ಕೋವಿ ಇನ್ನೊಂದಕ್ಕೆ, ಖಲಾಸ್. ಆದ್ರೆ ಡಬ್ಬಿ ತೆಗೆದ ಕೂಡ್ಲೇ ಖಾಲಿ ಆಯ್ತು ಅಂದ್ಕೋಬಾರ್ದು. ಕೋವಿ ಹೊಟ್ಟೇಲಿ ಒಂದು ತೋಟಾ ಉಳಿದಿರ್ತದೆ. ತೆಗೆದು ನೋಡ್ಬೇಕು, ಬೆರಳು ಹಾಕಿ ನೋಡ್ಬೇಕು.”

ಕೋವಿಯ ಯಜಮಾನರು ಬರುತ್ತಿದ್ದುದೇ ಅಪರೂಪ. ಅದು ಹಾಗೇ ಕತ್ತಲಲ್ಲಿ ಬಿದ್ದಿರುವುದನ್ನು ಕಂಡು ಅಂಕಲ್ ಮರುಗುತ್ತಿದ್ದರು. ಕೈಲು ಮುಹೂರ್ತ ಬಂತು. ಕೊಡಗಿನ ಮನೆಗಳಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಹಬ್ಬ. ಆ ದಿನ ಕರಾಮದ ಹೂವಿನಂಗಡಿಯಿಂದ ಚೆಂಡುಹೂ ಕೊಂಡು ಕೆಲಸಕ್ಕೆ ಹೋದವರು ಬೀರು ತೆರೆದು, ಡಬ್ಬಿಕೋವಿಯನ್ನು ಮೇಜಿನ ಮೇಲೆ ಮಲಗಿಸಿ, ಗಂಧ ಹಚ್ಚಿ, ನಳಿಗೆಯ ತುದಿಗೆ ಹೂ ಸಿಕ್ಕಿಸಿ ಕೈಮುಗಿದರು. ಯಜಮಾನ ಎದುರಿಗಿಲ್ಲದೆ ಕೋವಿ ಬೀರುವಿನಿಂದ ಹೊರಬರಬಾರದೆಂಬುದು ಅಲ್ಲಿಯ ನಿಯಮ. ಕ್ಯಾಮೆರಾಕ್ಕೆ ಹಬ್ಬ ಏನು ಗೊತ್ತು?

ಕೆಲಸ ಹೋಗಲಿಲ್ಲ, ಬೀಗದ ಕೈ ಹೋಯಿತು. ಅವರನ್ನು ಮುಂದಿನ ಕೌಂಟರಿಗೆ ಹಾಕಿದರು. ಬಂದವರಿಗೆ ಕನ್ನಡಕ, ಶಬ್ದ ತಡೆಯುವ ಕಿವಿಗವಸು ಕೊಡುವ ಕೆಲಸ. ಯಾರನ್ನು ದೂರಲಿ? ನಿಯಮ ಮುರಿದದ್ದು ಅವರೇ. “ತಪ್ಪು ನಂದೇ ಅಮ್ಮ. ನಮ್ಮನೇದು ಅಂದ್ಕೊಂಡ್ಬಿಟ್ಟೆ” ಎಂದರು. ಲೋಟ ಕೆಳಗಿಟ್ಟು, “ಈಗ ಶಬ್ದ ಕೇಳ್ದ ಹಾಗೆ ಮಾಡೋ ಕೆಲಸ ಸಿಕ್ಕಿದೆ” ಎಂದು ನಗಲು ನೋಡಿದರು. ಆಮೇಲೆ ನಮ್ಮಲ್ಲಿ ಕೋವಿಯ ಮಾತೇ ನಿಂತುಹೋಯಿತು.

ಮುಂದಿನ ಹಬ್ಬಕ್ಕೆ ಅವರು ಉಳಿಯಲಿಲ್ಲ. ಕೌಂಟರಿನಲ್ಲೇ ಎದೆನೋವು ಬಂದು ಕುಸಿದರಂತೆ. ಆಸ್ಪತ್ರೆಯಲ್ಲಿ ಹೊದಿಕೆಯಾಚೆ ಕಂಡ ಬಲಗೈಯಲ್ಲಿ ಆ ಬೆರಳೂ ಉಳಿದವುಗಳಂತೆ ಮಡಚಿಕೊಂಡಿತ್ತು. ಅದನ್ನು ಕಂಡಾಗಲೇ ನನಗೆ ಅಳು ಬಂದದ್ದು. ದಹನ ಇಲ್ಲೇ ಆಯಿತು. ಚಿತೆಗೆ ಬೆಂಕಿ ತಗುಲಿದಾಗ ಅವರ ಮಗಳು ನನ್ನ ಕೈ ಹಿಡಿದು, “ಅಕ್ಕ, ಗುಂಡು?” ಎಂದಳು. ಪಟಾಕಿ ಸಿಡಿಸುವುದಕ್ಕೂ ಹೆದರಬೇಕಾದ ಊರಲ್ಲಿ ಗುಂಡು ಹೊಡೆಸುವುದೆಲ್ಲಿ?

ವಾರ ಕಳೆದು ಇಬ್ಬರೂ ಅವರ ಕ್ಲಬ್ಬಿಗೇ ಹೋದೆವು. ಹೊರಗಿನವರೂ ಅಲ್ಲಿ ಹೇಳಿಕೊಡುವವನ ಪಕ್ಕದಲ್ಲಿ ನಿಂತು ಗುಂಡು ಹೊಡೆಯಬಹುದು. “ನನ್ನಿಂದ ಆಗೋದಿಲ್ಲ, ನೀವೇ ಹೊಡೀರಿ ಅಕ್ಕ” ಎಂದು ಮಗಳು ಕಿವಿಗವಸು ಹಾಕಿಕೊಂಡು ಗಾಜಿನಾಚೆ ಕಣ್ಣು ಮುಚ್ಚಿ ನಿಂತಳು. ಕ್ಲಬ್ಬಿನದೇ ಆದ ಅಂಥದೇ ಇನ್ನೊಂದು ಡಬ್ಬಿಕೋವಿಗೆ ಎರಡೇ ತೋಟಾ ಸಾಕೆಂದೆ. ಹೇಳಿಕೊಡುವವ ವಿಚಿತ್ರವಾಗಿ ನೋಡಿದ.

ಕೋವಿಯನ್ನು ಹೆಗಲಿಗೊತ್ತಿ ಹೊಡೆದೆ. ಹಿಡಿ ಎಳೆದು ಇನ್ನೊಮ್ಮೆ ಹೊಡೆದೆ. ಹೆಗಲಿಗೆ ಎರಡು ಗುದ್ದು ಬಿದ್ದದ್ದು ನಿಜ, ಕಿವಿಗವಸಿನೊಳಗೆ ಮಾತ್ರ ದೂರದಲ್ಲಿ ಯಾರೋ ಬಾಗಿಲು ಹಾಕಿಕೊಂಡಷ್ಟೇ ಸದ್ದು. ಹೇಳಿಕೊಡುವವ ಡಬ್ಬಿ ಕಳಚಿ, ಆಯಿತು ಎಂದು ಸನ್ನೆ ಮಾಡಿದ. ಒಳಗೂ ನೋಡಪ್ಪ ಎಂದು ನಾನು ಬೆರಳು ತೋರಿಸಿದೆ. ನೋಡಿದ. ಖಾಲಿ.

ಹೊರಬಂದಾಗ ಮಗಳು ಇನ್ನೂ ಕಣ್ಣು ಮುಚ್ಚಿಯೇ ನಿಂತಿದ್ದಳು. ಹೆಗಲು ಮುಟ್ಟಿದೆ. ಕಿವಿಗವಸು ತೆಗೆದು ನನ್ನ ಮುಖ ನೋಡಿದಳು.

“ಎರಡೂ ಆಯ್ತಾ, ಅಕ್ಕ?”