ಮೈದಾನಕ್ಕೊಂದು ಬಾಲಾಲಯ

ನಂಜನಗೂಡಿನ ನಮ್ಮ ಫುಟ್‌ಬಾಲ್ ಮೈದಾನದ ಗ್ಯಾಲರಿಯಲ್ಲಿ ಕೂತು ಒಂದು ಮ್ಯಾಚನ್ನಾದರೂ ನಾನು ಪೂರ್ತಿ ನೋಡಿದವನಲ್ಲ. ಆಡುತ್ತಿದ್ದರೆ ಸರಿ, ಆಡದಿದ್ದ ದಿನ ಗೆರೆಯ ಪಕ್ಕದಲ್ಲಿ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ. "ನಿನ್ ಕಾಲಲ್ಲಿ ಚಕ್ರ ಅದೆ ಕಣ್ಲಾ, ಎಲ್ಲೂ ನಿಲ್ಲಕ್ಕಿಲ್ಲ ನೀನು" ಎಂದು ಅಮ್ಮ ಬೈಯುತ್ತಿದ್ದಳು. ಬೈದರೆ ನಿಲ್ಲುವ ಚಕ್ರವೇ ಅದು?

ತೊಂಬತ್ತರ ದಶಕದ ನಡುವಿನ ಮಾತು. ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ನಾನು ಶಿಫ್ಟ್ ಕೆಲಸಕ್ಕಿದ್ದೆ. ಇಡೀ ದಿನ ಮಿಷಿನ್ನಿನ ಮುಂದೆ ನಿಂತಲ್ಲೇ ನಿಲ್ಲಬೇಕು. ನನ್ನಂಥವನಿಗೆ ಅದೊಂದು ಜೈಲು. ಶಿಫ್ಟ್ ಮುಗಿದ ಸೈರನ್ ಕೂಗಿದ ಕೂಡಲೇ ಸೈಕಲ್ ಹತ್ತಿ ಮೈದಾನಕ್ಕೆ ಓಡುತ್ತಿದ್ದೆ. ನಮ್ಮ ತಂಡದಲ್ಲಿ ಹೆಚ್ಚಿನವರು ನನ್ನ ಹಾಗೆಯೇ ಫ್ಯಾಕ್ಟರಿಯವರು, ಒಬ್ಬಿಬ್ಬರು ಬಾಳೆಮಂಡಿಯವರು. ಕ್ಯಾಪ್ಟನ್ ನಮ್ಮ ಗೋಲ್‌ಕೀಪರೇ. ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮಿಷಿನ್ನಿನವನು. ಆಟ ಮುಗಿಸಿ ಕಪಿಲೆಯಲ್ಲಿ ಕಾಲು ತೊಳೆದು ಮನೆಗೆ ಹೋದರೆ ಅನ್ನ ರುಚಿಸುತ್ತಿತ್ತು, ನಿದ್ದೆ ಹತ್ತುತ್ತಿತ್ತು. ಆಟವಿಲ್ಲದ ದಿನ ಅವೆರಡೂ ಇಲ್ಲ.

ಸ್ಟೇಡಿಯಂ ಎಂದು ನಾವು ಕರೆಯುತ್ತಿದ್ದುದು ಒಂದೇ ಮಗ್ಗುಲಿಗೆ ಕಟ್ಟಿದ್ದ ಕಲ್ಲು ಚಪ್ಪಡಿಯ ಮೆಟ್ಟಿಲುಗಳನ್ನು. ಮೇಲೆ ಸಿಮೆಂಟ್ ಶೀಟು, ಕೆಳಗೆ ಬಟ್ಟೆ ಬದಲಾಯಿಸಲು ಒಂದು ಕತ್ತಲೆ ಕೋಣೆ. ಹಿಂದಿನ ಕಾಲದವರು ಗಟ್ಟಿಯಾಗಿಯೇ ಕಟ್ಟಿದ್ದರು, ಆದರೆ ಕಪಿಲೆ ತುಂಬಿ ಬಂದ ವರ್ಷಗಳಲ್ಲಿ ನೀರು ಒಳಗೆ ನಿಂತು ನಿಂತು ಕಂಬಗಳ ಬುಡ ಸವೆದಿತ್ತು. ಒಂದು ಮಳೆಗಾಲದ ಭಾನುವಾರ, ಎರಡನೆಯ ಅರ್ಧಕ್ಕೆ ನಾವು ಕೋಣೆಯಿಂದ ಹೊರಗೆ ಬಂದಿದ್ದೆವಷ್ಟೆ, ಮೇಲಿನ ಚಪ್ಪಡಿಯೊಂದು ಮುರಿದು ಕೋಣೆಯೊಳಕ್ಕೆ ಬಿತ್ತು. ಯಾರಿಗೂ ಏಟಾಗಲಿಲ್ಲ. ಬಿದ್ದ ಜಾಗದಲ್ಲಿ ನಮ್ಮ ಚಪ್ಪಲಿಗಳಿದ್ದವು, ಎಲ್ಲರೂ ಬರಿಗಾಲಲ್ಲಿ ಮನೆಗೆ ಹೋದೆವು.

ಮಾರನೆಯ ದಿನ ಮೈದಾನದ ಕಮಿಟಿಯವರು ಗೇಟಿಗೆ ಬೀಗ ಜಡಿದರು. ಗ್ಯಾಲರಿಗೆ ಬೀಗ ಹಾಕಿ, ಮೈದಾನ ಬಿಡಿ ಎಂದರೆ, "ಏನಾರ ಆದ್ರೆ ಯಾರ್ ಜವಾಬ್ದಾರಿ?" ಎಂದರು. ಮುರಿದದ್ದು ಗ್ಯಾಲರಿ, ಮುಚ್ಚಿದ್ದು ಆಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಆ ದಿನ ಕಮಿಟಿಯವರ ಎದುರೇ ಹೇಳಿದೆ. ಯಾರೂ ನಗಲಿಲ್ಲ.

ಆಮೇಲೆ ಶುರುವಾಯಿತು ವಾದ. ಇದನ್ನು ರಿಪೇರಿ ಮಾಡೋದೋ, ಕೆಡವಿ ಹೊಸದು ಕಟ್ಟೋದೋ? ಟೀ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಮೈಸೂರಿನ ಬಸ್ಸಿನಲ್ಲಿ ಅದೇ ಮಾತು. "ಅಂಥ ಕಲ್ಲು ಈಗ ಎಲ್ ಸಿಕ್ಕದು? ಕಂಬಕ್ಕೆ ಕಟ್ಟು ಹಾಕಿದ್ರೆ ಇನ್ನೂ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ" ಅನ್ನುವವರು ಒಂದು ಕಡೆ. "ಹಳೇ ಬಟ್ಟೆಗೆ ತೇಪೆ ಹಾಕ್ತಾ ಕೂರಕ್ಕಾಯ್ತದಾ, ಕೆಡವಾಕಿ ಸಾ" ಅನ್ನುವವರು ಇನ್ನೊಂದು ಕಡೆ. ಜನ್ಮದಲ್ಲಿ ಚೆಂಡು ಒದೆಯದವರೂ ಕಬ್ಬಿಣ, ಸಿಮೆಂಟು, ಬುನಾದಿ ಎಂದು ಭಾಷಣ ಬಿಗಿಯುತ್ತಿದ್ದರು. ಆಡುವವರು ಅಲ್ಲಿಯವರೆಗೆ ಎಲ್ಲಿಗೆ ಹೋಗಬೇಕು ಎಂದು ಒಬ್ಬನೂ ಕೇಳಲಿಲ್ಲ. ಶಿಫ್ಟ್ ಮುಗಿಸಿ ಅಭ್ಯಾಸಬಲದಿಂದ ಮೈದಾನದ ಗೇಟಿನ ತನಕ ಹೋಗಿ, ಬೀಗ ನೋಡಿ, ಸೇತುವೆಯ ಮೇಲೆ ಆ ತುದಿಯಿಂದ ಈ ತುದಿಗೆ ಅಲೆದು ಮನೆಗೆ ಬರುತ್ತಿದ್ದೆ.

ಕಡೆಗೆ ಕಮಿಟಿಯವರು ಊರಿನವರ ಸಭೆ ಕರೆದರು. ಸಭೆಯ ಬ್ಯಾನರ್ ಬರೆಯಲು ಒಬ್ಬ ಪೇಂಟರಿಗೆ ಹೇಳಿ ಕಳಿಸಿದ್ದರು, ಹಳೇ ಕಟ್ಟಡ ಸರಿ ಮಾಡುವ ಸಭೆ ಅಂತ ಹಾಕಪ್ಪ ಎಂದು. ನಮ್ಮದು ದೇವಸ್ಥಾನದ ಊರು. ಅವನು ವರ್ಷವಿಡೀ ಬರೆಯುತ್ತಿದ್ದುದು ಸುತ್ತಲ ಹಳ್ಳಿಗಳ ಗುಡಿಗಳ ಬೋರ್ಡು. ಹಳೇ ಕಟ್ಟಡ ಸರಿ ಮಾಡುವುದಕ್ಕೆ ಅವನ ಕೈಗೆ ಗೊತ್ತಿದ್ದ ಪದ ಒಂದೇ. ಸಭೆಯ ದಿನ ಗೇಟಿನ ಮೇಲೆ ಕೆಂಪು ಅಕ್ಷರದಲ್ಲಿ ತೂಗಾಡುತ್ತಿತ್ತು: "ಶ್ರೀ ಫುಟ್‌ಬಾಲ್ ಸ್ಟೇಡಿಯಂ ಜೀರ್ಣೋದ್ಧಾರ ಮಹಾಸಭೆ. ಸರ್ವರಿಗೂ ಆದರದ ಸ್ವಾಗತ."

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಬ್ಯಾನರ್ ಕೆಲಸ ಮಾಡಿತ್ತು. ಎಂದೂ ಮೈದಾನದ ಕಡೆ ತಲೆ ಹಾಕದ ಜನ ಬಂದಿದ್ದರು. ಒಬ್ಬ ಅಜ್ಜಿ ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದು, "ಯಾವ್ ದೇವ್ರಪ್ಪ ಇದು, ನಾನ್ ಕೇಳೇ ಇಲ್ವಲ್ಲ" ಎಂದು ನನ್ನನ್ನೇ ಕೇಳಿದಳು. ಚೆಂಡಾಟದ ದೇವರು ಕಣಜ್ಜಿ ಎಂದೆ. ಅವಳು ಅನುಮಾನದಿಂದಲೇ ಗ್ಯಾಲರಿಯ ಕಡೆ ಕೈಮುಗಿದಳು.

ಕೆಡವಬೇಕೆನ್ನುವವರಿಗೆ ಆ ಪದ ಗಂಟಲಲ್ಲಿ ಕಡುಬಾಗಿ ಸಿಕ್ಕಿಕೊಂಡಿತು. ಜೀರ್ಣೋದ್ಧಾರ ಎಂದು ಬರೆದಿರುವ ಬ್ಯಾನರಿನ ಕೆಳಗೆ ನಿಂತು 'ಒಡೆದುಹಾಕಿ' ಎನ್ನಲು ನಮ್ಮೂರಲ್ಲಿ ಯಾರಿಗೆ ಧೈರ್ಯ? ಆದರೂ ಗದ್ದಲ ಎದ್ದಿತು. ಆಗ ಕಮಿಟಿಯ ಅಧ್ಯಕ್ಷರು ಎದ್ದು ನಿಂತರು. ಹಣೆಯ ತುಂಬ ವಿಭೂತಿ ಬಳಿದ ಹಿರಿಯರು. ಅಕ್ಕಿ ಗಿರಣಿಯ ಮಾಲೀಕರು. ನಾವು ಅವರನ್ನು ಯಜಮಾನರು ಎನ್ನುತ್ತಿದ್ದೆವು. ತಮ್ಮ ಹುಟ್ಟೂರಿನ ಈಶ್ವರನ ಗುಡಿಯನ್ನು ಬಿಚ್ಚಿ ಕಟ್ಟಿಸಿದ್ದವರು. ಬ್ಯಾನರನ್ನು ಒಮ್ಮೆ ನೋಡಿ, ಎಲ್ಲರ ಕಡೆ ತಿರುಗಿ ಕೇಳಿದರು:

"ಅಲ್ರಪ್ಪ, ಜೀರ್ಣೋದ್ಧಾರ ಅಂತ ಬರ್ದಿದ್ದೀರಿ. ಸಂತೋಷ. ಗುಡಿ ಬಿಚ್ಚೋಕೆ ಮುಂಚೆ ಏನ್ ಮಾಡ್ತೀವಿ? ಬಾಲಾಲಯ ಮಾಡ್ತೀವಿ. ದೇವ್ರ ಕಳೇನ ಕಲಶಕ್ಕೆ ಇಳ್ಸಿ, ಪಕ್ದಲ್ಲಿ ಸಣ್ದೊಂದು ಗುಡಿ ಮಾಡಿ ಅಲ್ಲಿ ಇಡ್ತೀವಿ. ಗುಡಿ ಎದ್ ನಿಲ್ಲೋಗಂಟ ಪೂಜೆ ಅಲ್ಲಿ ನಡೀತದೆ. ಒಂದಿನ ನಿಲ್ಲಂಗಿಲ್ಲ. ರಿಪೇರಿನಾರ ಮಾಡಿ, ಹೊಸ್ದಾರ ಕಟ್ಟಿ. ಈ ಹುಡುಗರ ಆಟಕ್ಕೆ ಬಾಲಾಲಯ ಎಲ್ಲಿ? ಅದ್ನ ಹೇಳಿ ಮೊದ್ಲು."

ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ತಿಂಗಳುಗಟ್ಟಲೆ ನಾನು ಹೇಳಲಾರದೆ ಅಲೆಯುತ್ತಿದ್ದುದನ್ನು ಆ ಮನುಷ್ಯ ಒಂದು ಪದದಲ್ಲಿ ಹೇಳಿದ್ದರು.

ಜಾಗ ಹುಡುಕಿದೆವು. ಊರಿನ ಸುತ್ತ ಖಾಲಿ ನೆಲ ಎಂದರೆ ಒಂದೋ ಗದ್ದೆ, ಇಲ್ಲ ಫ್ಯಾಕ್ಟರಿ ಕಾಂಪೌಂಡು. ಶಾಲೆಗಳ ಮೈದಾನ ಕೇಳಿದರೆ ಕಿಟಕಿ ಗಾಜಿನ ಮಾತು ತೆಗೆದರು. ಕಡೆಗೆ ನನಗೆ ತಿ. ನರಸೀಪುರದ ನಮ್ಮ ಭಾವನ ನೆನಪಾಯಿತು. ಅಕ್ಕನನ್ನು ಕೊಟ್ಟಿದ್ದು ಅಲ್ಲಿಗೆ. ಭಾವ ಹಸು ಕಟ್ಟಿಕೊಂಡಿದ್ದವರು, ಅವರ ಮನೆಯ ಹಿಂದೆ ಹೊಳೆಯ ಕಡೆಗೆ ದನ ಮೇಯುವ ಅಗಲವಾದ ಬಯಲಿತ್ತು. ಬಸ್ಸು ಹತ್ತಿ ಹೋಗಿ ಕೇಳಿದೆ. "ಹಸ ಮೇಯೋ ಕಡೆ ಹೋರಿ ಮೇಯಕ್ಕೆ ಏನ್ ಅಡ್ಡಿ, ಬನ್ನಿ" ಎಂದು ನಕ್ಕರು. ಒಂದೇ ಷರತ್ತು ಹಾಕಿದರು: ಸಂಜೆ ಹಾಲು ಕರೆದು ಡೈರಿಗೆ ಹಾಕುವ ಹೊತ್ತಿಗೆ ಆಟ ನಿಲ್ಲಬೇಕು, ಗದ್ದಲಕ್ಕೆ ಹಸು ಬೆದರಿದರೆ ಹಾಲು ಇಳಿಸುವುದಿಲ್ಲ.

ಗೋಲ್‌ಪೋಸ್ಟುಗಳನ್ನು ಕಿತ್ತು ಭಾವನ ಟ್ರ್ಯಾಕ್ಟರಿಗೆ ಏರಿಸಿದ ಬೆಳಿಗ್ಗೆ ಯಜಮಾನರು ಬಂದರು. ತಮಾಷೆಯೋ ನಿಜವೋ ತಿಳಿಯದ ಮುಖದಲ್ಲಿ ಚೆಂಡಿಗೆ ವಿಭೂತಿ ಹಚ್ಚಿ ನನ್ನ ಕೈಗೆ ಕೊಟ್ಟರು. "ಉಸಾರು ಕಣಪ್ಪ, ಕಳೆ ಇಳ್ಸಿದ್ದೀನಿ" ಎಂದರು.

ಭಾನುವಾರ ಬಂದರೆ ತಂಡಕ್ಕೆ ತಂಡವೇ ತಿ. ನರಸೀಪುರದ ಬಸ್ಸಿನಲ್ಲಿ. ಮೊದಮೊದಲು ಅಲ್ಲಿಯ ಯುವಕರು ದನ ಬಿಟ್ಟುಕೊಂಡು, ಕೋಲಿಗೆ ಗದ್ದ ಊರಿ ನಿಂತು ನೋಡುತ್ತಿದ್ದರು. ನಮ್ಮಲ್ಲಿ ಒಬ್ಬ ಕಡಿಮೆ ಬಿದ್ದ ದಿನ ಅವರಲ್ಲೊಬ್ಬ ಕೋಲು ಬದಿಗಿಟ್ಟು ಇಳಿದ. ಅವನ ಪಾದಕ್ಕೆ ಬಡಿದ ಚೆಂಡು ಹೊಳೆ ಸೇರಿತು. ಆಮೇಲಾಮೇಲೆ ಒದೆಯುವುದನ್ನೂ ಕಲಿತರು, ನಿಲ್ಲಿಸುವುದನ್ನೂ ಕಲಿತರು. ಡೈರಿಯ ಮುಂದೆ ಕ್ಯಾನುಗಳ ಸದ್ದು ಕೇಳಿದ ತಕ್ಷಣ ಮಾತ್ರ, ಗೋಲಿನ ಮುಂದೆ ಚೆಂಡಿದ್ದರೂ ಬಿಟ್ಟು ಓಡುತ್ತಿದ್ದರು. ನಾನು ಹಲ್ಲು ಕಡಿಯುತ್ತಿದ್ದೆ. ಅಕ್ಕ ಮಜ್ಜಿಗೆ ಕೊಟ್ಟು, "ಅದ್ಯಾಕೆ ಅಂಗಾಡ್ತೀಯ, ಹಸ ಕಾಯ್ತದಾ ನಿನ್ ಚೆಂಡಿಗೆ?" ಎನ್ನುತ್ತಿದ್ದಳು.

ಇತ್ತ ನಂಜನಗೂಡಿನಲ್ಲಿ ಮೊದಲು ರಿಪೇರಿ ಎಂದು ತೀರ್ಮಾನವಾಯಿತು. ಕಂಬ ಕೆರೆದು ನೋಡಿದರೆ ಒಳಗೆ ಏನೂ ಉಳಿದಿಲ್ಲ ಎಂದು ಒಬ್ಬ ಇಂಜಿನಿಯರ್ ಹೇಳಿದರು, ಅರ್ಧ ರಿಪೇರಿಯಾದದ್ದನ್ನು ಪೂರ್ತಿ ಕೆಡವಿದರು. ಜೀರ್ಣವಾಯಿತು, ಉದ್ಧಾರ ಯಾವಾಗ ಎಂದು ನಾವು ಗೇಲಿ ಮಾಡುತ್ತಿದ್ದೆವು. ಹೊಸದಕ್ಕೆ ಪಿಲ್ಲರ್ ಎದ್ದವು, ಕಂಬಿಗಳು ಆಕಾಶಕ್ಕೆ ಮುಖ ಮಾಡಿ ಹಾಗೇ ತುಕ್ಕು ಹಿಡಿದವು. ಒಬ್ಬ ಕಂಟ್ರಾಕ್ಟರ್ ಹೋದ, ಇನ್ನೊಬ್ಬ ಬಂದ. ನಾನು ದಿನವೂ ಆ ದಾರಿಯಲ್ಲೇ ಸೈಕಲ್ ಹೊಡೆಯುತ್ತಿದ್ದೆ, ಆಮೇಲೆ ಮೊಪೆಡ್ಡಿನಲ್ಲಿ. ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ ಇಣುಕಿ ನೋಡದಿದ್ದರೆ ಸಮಾಧಾನವಿಲ್ಲ. ನೋಡಿದರೆ ಇನ್ನೂ ಇಲ್ಲ.

ಅಷ್ಟರಲ್ಲಿ ನಮ್ಮವರು ಒಬ್ಬೊಬ್ಬರಾಗಿ ಉದುರತೊಡಗಿದರು. ಒಬ್ಬನಿಗೆ ಮದುವೆ, ಒಬ್ಬನಿಗೆ ಮಂಡಿನೋವು, ಇನ್ನೊಬ್ಬನಿಗೆ ಭಾನುವಾರವೂ ಶಿಫ್ಟು. ಒಂದು ದಿನ ಕ್ಯಾಪ್ಟನ್ನೂ ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ಮನೆಗೆ ಹೋಗಿ ಕೂಗಿದೆ. ಬನಿಯನ್ನಿನಲ್ಲೇ ಬಾಗಿಲಿಗೆ ಬಂದ.

"ಅಷ್ಟು ದೂರ ಯಾವನ್ ಓಯ್ತಾನ್ಲಾ ಪ್ರತಿ ವಾರ? ಸ್ಟೇಡಿಯಂ ಆಗ್ಲಿ. ಆಮೇಲ್ ಆಡವ."

"ಆಗೋ ಹೊತ್ಗೆ ನಮ್ ಕಾಲು ಇರ್ತವೇನ್ಲಾ?" ಎಂದೆ.

"ಇರ್ತವೆ ಬುಡು. ಏನ್ ಅರ್ಜೆಂಟು ನಿಂಗೆ?" ಎಂದು ಒಳಗೆ ಹೋದ. ಅವನ ಮೇಲೆ ಬಂದಷ್ಟು ಸಿಟ್ಟು ನನಗೆ ಕಮಿಟಿಯ ಮೇಲೂ ಬಂದಿರಲಿಲ್ಲ. ಒಬ್ಬನೇ ಬಸ್ಸು ಹತ್ತಿದೆ. ಇಳಿದಾಗ ಬಯಲಿನಲ್ಲಿ ಎರಡು ಕಡೆಗೂ ಸಾಲುವಷ್ಟು ಜನ ಆಗಲೇ ಆಡುತ್ತಿದ್ದರು. ಎಲ್ಲ ಅಲ್ಲಿಯವರೇ.

ಹೊಸ ಸ್ಟೇಡಿಯಂ ಎದ್ದು ನಿಲ್ಲುವಾಗ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಬಣ್ಣದ ಕುರ್ಚಿಗಳು, ಟೈಲ್ಸ್ ಹಾಕಿದ ಕೋಣೆ, ತಿರುಗಿಸಿದರೆ ನೀರು ಬರುವ ನಲ್ಲಿ. ಉದ್ಘಾಟನೆಯ ಮ್ಯಾಚಿಗೆ ಕಮಿಟಿಯವರು ಮೈಸೂರಿನ ತಂಡವೊಂದನ್ನು ಕರೆಸಿದರು. ಎದುರಿಗೆ ಆಡಲು ನಂಜನಗೂಡಿನ ತಂಡ ಬೇಕಲ್ಲ? ನಾನು ಹಳಬರ ಮನೆಮನೆಗೆ ಅಲೆದೆ. ಕ್ಯಾಪ್ಟನ್ ಹೊಟ್ಟೆ ತಟ್ಟಿಕೊಂಡು ನಕ್ಕ, "ಕುರ್ಚಿ ಹಾಕವ್ರಂತಲ್ಲ, ಕೂತ್ಕಂಡ್ ನೋಡ್ತೀನಿ ಬುಡು" ಎಂದ. ಅವನ ಮಕ್ಕಳ ಕೈಯಲ್ಲಿ ಕ್ರಿಕೆಟ್ ಬ್ಯಾಟಿತ್ತು.

ತಿ. ನರಸೀಪುರದವರೇ ಬಂದರು, ಭಾವನ ಟ್ರ್ಯಾಕ್ಟರಿನಲ್ಲಿ. ನಾನೂ ಅವರ ಜೊತೆಗೇ ಆಡಿದೆ. ಮೈಕಿನಲ್ಲಿ ನಮ್ಮನ್ನು "ಅತಿಥಿ ತಂಡ" ಎಂದರು. ನಾನು ಹುಟ್ಟಿ ಬೆಳೆದ ಊರಿನಲ್ಲಿ ನನಗೆ ಚಪ್ಪಾಳೆ ತಟ್ಟಿ ಸ್ವಾಗತ! ಕೆನ್ನೆಗೆ ಹೊಡೆದಂತಾಯಿತು. ನಾವು ಸೋತೆವೋ ಗೆದ್ದೆವೋ ಎಂಬುದು ಇಲ್ಲಿ ಮುಖ್ಯವಲ್ಲ, ಆದರೂ ಹೇಳುತ್ತೇನೆ, ಗೆದ್ದೆವು. ಕಪ್ಪು ತಿ. ನರಸೀಪುರಕ್ಕೆ ಹೋಯಿತು.

ಮ್ಯಾಚು ಮುಗಿದ ಮೇಲೆ, ತುಂಬ ಹಣ್ಣಾಗಿದ್ದ ಯಜಮಾನರು ಕೋಲೂರಿಕೊಂಡು ಕೋಣೆಗೆ ಬಂದರು. ಹುಡುಗರಿಗೆ ಕೈ ಮುಗಿದು, "ಇನ್ಮೇಲೆ ಇಲ್ಲೇ ಬಂದು ಆಡ್ರಪ್ಪ, ಜಾಗ ರೆಡಿ ಆಯ್ತಲ್ಲ" ಎಂದರು.

"ಹಾಲಾಕ್ಬೇಕಲ್ಲ ಬುದ್ಧಿ, ಹೊತ್ತಾಯ್ತದೆ" ಎಂದ ಅವರಲ್ಲೊಬ್ಬ. ವಿನಯದಿಂದಲೇ ಹೇಳಿದ. ಉಳಿದವರು ಆಗಲೇ ಟ್ರ್ಯಾಕ್ಟರ್ ಏರುತ್ತಿದ್ದರು. ಯಜಮಾನರು ನನ್ನ ಮುಖ ನೋಡಿದರು. ನಾನು ಚೆಂಡನ್ನು ಚೀಲಕ್ಕೆ ತುರುಕತೊಡಗಿದೆ.

ಮಾರನೆಯ ದಿನ ಶಿಫ್ಟ್ ಮುಗಿದ ಮೇಲೆ ತಡೆಯಲಾರದೆ ಚೆಂಡು ಹಿಡಿದು ಹೊಸ ಗೇಟಿಗೆ ಹೋದೆ. ಅಂಥ ಹಸಿರು ಹುಲ್ಲನ್ನು ನಮ್ಮೂರಲ್ಲಿ ನಾನು ಎಂದೂ ಕಂಡಿರಲಿಲ್ಲ. ಕಾಲು ನವೆಯಾಗುತ್ತಿತ್ತು. ಹೊಸದಾಗಿ ಇಟ್ಟಿದ್ದ ವಾಚ್‌ಮನ್ ಕಂಬಿಯ ಆಚೆಯಿಂದಲೇ ಕೇಳಿದ.

"ಎಷ್ಟ್ ಜನ ಸಾ?"

"ನಾನೊಬ್ನೇ."

"ಒಬ್ರಿಗೆ ಬುಡಂಗಿಲ್ಲ ಸಾ, ಟೀಮಿಗೇ ಬುಡದು ಅಂತ ಹೇಳವ್ರೆ. ಯಾರ್ ಯಾರ್ ಬತ್ತರೆ ಹೆಸ್ರು ಹೇಳಿ, ಈಗ್ಲೇ ತೆಗೀತೀನಿ."

ಹೇಳಲು ಬಾಯಿ ತೆರೆದೆ. ನಾಲಿಗೆಗೆ ಬಂದದ್ದೆಲ್ಲ ತಿ. ನರಸೀಪುರದವರ ಹೆಸರು, ನಂಜನಗೂಡಿನವರದು ಒಂದೂ ಬರಲಿಲ್ಲ.