ಆಷಾಢಕ್ಕೆ ಮುಂಚೆ ತಂದ ಮಿಷನ್ನು

ಮರ ಕುಯ್ಯುವ ಮಿಷನ್ನು ತರಬೇಕು ಅಂತ ನಮ್ಮ ಯಜಮಾನರು ಹೊರಟಾಗ ನಾನು ದೊಡ್ಡ ಜಗಳವನ್ನೇ ಆಡಿದೆ. ಆಡದೆ ಏನು ಮಾಡಲಿ? ಅಂಗಿಯ ಗುಂಡಿ ಹಾಕಿಕೊಳ್ಳೋಕೆ ಒದ್ದಾಡೋ ಮನುಷ್ಯನಿಗೆ ಗರ್ರೋ ಅನ್ನೋ ಚೈನ್‌ಸಾ ಯಾಕೆ? ಗುಂಡಿ ನಾನು ಹಾಕ್ತೀನಿ ಬಿಡಿ ಅಂದರೆ ನನ್ನ ಕೈಯನ್ನ ಆಚೆ ತಳ್ಳೋರು. “ನಂಗೇನು ಕೈಯಿಲ್ವೇನೇ?” ಅಂತ ಸಿಡುಕೋರು. ಕೈ ಇತ್ತು. ಕೈಯೊಳಗಿನ ಬಲ ಹೋಗ್ತಾ ಇತ್ತು.

ಮೊದಲು ಅವರ ಕೈಯಿಂದ ಹಾಲಿನ ಕ್ಯಾನು ಜಾರಿ ಬಿತ್ತು. ಕಣ್ಣು ಎಲ್ಲಿಟ್ಟಿದ್ದೀರಿ ಅಂತ ಬೈದೆ. ಆಮೇಲೆ ಕುಡುಗೋಲು, ಆಮೇಲೆ ಗಾಡಿಯ ಕ್ಲಚ್ಚು. ಹಾಸನದ ಡಾಕ್ಟ್ರು ಮೈಸೂರಿಗೆ ಕಳಿಸಿದರು. ಇದು ನರದ ಕಾಯಿಲೆ, ಕೈಯಿಂದ ಶುರುವಾಗಿದೆ, ಬಲ ಕಮ್ಮಿ ಆಗ್ತಾ ಹೋಗ್ತದೆ, ವಾಸಿ ಮಾಡೋ ಔಷಧಿ ಇಲ್ಲ ಅಂತ ಮೈಸೂರಿನವರು ಬಿಡಿಸಿ ಹೇಳಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಇವರು ಕೇಳಿದ್ದು ಒಂದೇ ಮಾತು. “ಒಂದು ಮರ ಕುಯ್ಯೋಗಂಟ ಇರ್ತದಾ ಸಾ, ಕೈ?” ಡಾಕ್ಟ್ರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು.

ನಮ್ಮೂರು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಬರ್ತದೆ. ಮೇಲಿನ ಹೊಲ ಬರೀ ಕಲ್ಲು. ರಾಗಿ ಚೆಲ್ಲಿದರೆ ಬಿತ್ತಿದ್ದೂ ವಾಪಸ್ಸು ಬರ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇವರು ಅಲ್ಲಿ ಸಿಲ್ವರ್ ಓಕು, ತೇಗ ನೆಟ್ಟರು, ಆಮೇಲೆ ಹೆಬ್ಬೇವು. ಹೊಲವಿದ್ದೂ ಕಾಡು ಬೆಳೆಸ್ತಾನೆ ಅಂತ ಊರೋರೆಲ್ಲ ಆಡಿಕೊಂಡರು. ಕೊಡದಲ್ಲಿ ನೀರು ಹೊತ್ತು ಬುಡಬುಡಕ್ಕೂ ಹುಯ್ದವಳು ನಾನು. ಗಿಡಗಳನ್ನ ಒತ್ತೊತ್ತಾಗಿ ನೆಟ್ಟಿದ್ದರಿಂದ ಈಗ ನಡುನಡುವೆ ಒಂದೊಂದು ತೆಗೆದು ಉಳಿದವಕ್ಕೆ ಬಿಸಿಲು ಬಿಡಬೇಕಿತ್ತು. ಹಿಂದೊಮ್ಮೆ ಕೂಲಿಗೆ ಕರೆಸಿದ್ದವನು ಸೊಟ್ಟ ಮರ ತೆಗಿ ಅಂದರೆ ಅದನ್ನ ಕೊಂಡೋಗಿ ಪಕ್ಕದ ನೆಟ್ಟನೆ ತೇಗದ ಮೇಲೆ ಕೆಡವಿದ್ದ. ಅವತ್ತು ಇವರು ಊಟ ಮಾಡದೆ ಮಲಗಿದ್ದರು.

“ನಾನು ನೆಟ್ಟ ಮರವ ನಾನೇ ಬೀಳಿಸ್ತೀನಿ ಕಣೇ. ಒಂದಾದ್ರೂ ಸರಿ. ಆಮೇಲೆ ಈ ಕೈ ಓಗ್ಲಿ” ಅಂದರು. ಇನ್ನೇನು ಜಗಳ ಆಡಲಿ? ಸೀರೆ ಬದಲಾಯಿಸಿ ಹೊರಟೆ.

ಮಿಷನ್ನು ಆರಿಸೋದು ಹೆಣ್ಣು ನೋಡೋದಕ್ಕಿಂತ ಕಷ್ಟ ಅಂತ ನನಗೆ ಆಗಲೇ ಗೊತ್ತಾಗಿದ್ದು. ನನ್ನನ್ನು ಕಾಫಿ ಲೋಟ ಖಾಲಿ ಆಗೋದರೊಳಗೆ ಒಪ್ಪಿದ ಗಂಡಸು, ಈ ಮಿಷನ್ನಿಗೆ ನಾಲ್ಕು ಊರು ಅಲೆಸಿದರು. ಬಸ್ಸಿನಲ್ಲಿ ಕಂಬಿ ಬಿಗಿಯಾಗಿ ಹಿಡಿಯೋಕೆ ಆಗದೆ ಇವರು ವಾಲಿದಾಗೆಲ್ಲ, ನಾನು ಯಾರಿಗೂ ಗೊತ್ತಾಗದ ಹಂಗೆ ಭುಜ ಕೊಟ್ಟು ನಿಲ್ತಿದ್ದೆ.

ಹೊಳೆನರಸೀಪುರದ ಅಂಗಡಿಯವನು ಚೈನು ಓಡೋ ಪಟ್ಟಿ ಉದ್ದಕ್ಕಿದ್ದ ದೊಡ್ಡ ಮಿಷನ್ನು ಎತ್ತಿ ತೋರಿಸಿದ. “ಇದಿದ್ರೆ ಆಲದ ಮರಾನೂ ಬೆಣ್ಣೆ ಕುಯ್ದಂಗೆ ಕುಯ್ಬೋದು ಸಾ.” ನಮ್ಮ ತ್ವಾಟದಲ್ಲಿ ಆಲದ ಮರ ಇಲ್ಲ ಕಣಪ್ಪ ಅಂದೆ ನಾನು. ಇವರು ಎತ್ತಿ ನೋಡಿದರು. ಮಿಷನ್ನಿನ ಮೂತಿ ನೆಲಕ್ಕೆ ವಾಲಿತು. ಕೈ ನಡುಗಿದ್ದು ಕಾಣದಿರಲಿ ಅಂತ ಬೇಗ ಕೆಳಗಿಟ್ಟು, “ಮುಂದ್ಕೆ ಭಾರ ಜಾಸ್ತಿ, ಬ್ಯಾಡ” ಅಂದರು.

ಅರಕಲಗೂಡಿನಲ್ಲಿ ತೋರಿಸಿದ್ದು ತೀರಾ ಚಿಕ್ಕದು. ಹಗುರವಾಗಿತ್ತು, ನನಗೆ ಅದೇ ಇಷ್ಟವಾಯಿತು. ಇದು ರೆಂಬೆ ಸವರೋಕೆ ಸರಿ, ನಮ್ಮ ಸಿಲ್ವರಿನ ಬುಡಕ್ಕೆ ಇಟ್ಟರೆ ಏದುಸಿರು ಬಿಟ್ಟು ನಿಂತೋಗ್ತದೆ ಅಂದರು ಇವರು. ಚನ್ನರಾಯಪಟ್ಟಣದಲ್ಲಿ ನೋಡೋಕೆ ಲಕ್ಷಣವಾದ ಮಿಷನ್ನೇ ಇತ್ತು. ಕೆಟ್ಟರೆ ರಿಪೇರಿ ಎಲ್ಲಿ, ಚೈನು ಹರಿದರೆ ಬೇರೆ ಚೈನು ಸಿಗ್ತದಾ ಅಂತ ಇವರು ಕೇಳಿದಾಗ ಅಂಗಡಿಯವನು ತಲೆ ಕೆರೆದುಕೊಂಡು ಫ್ಯಾನು ನೋಡಿದ. ನಾವು ನಮಸ್ಕಾರ ಹಾಕಿ ಎದ್ದು ಬಂದೆವು.

ಹಾಸನದಲ್ಲಿ ಸಿಕ್ಕಿದ್ದು ಮಧ್ಯಮದ್ದು. ಹದಿನೆಂಟು ಇಂಚಿನ ಪಟ್ಟಿ. ಮುಂದಿನ ಹಿಡಿ ಹಿಡಿದು ಎತ್ತಿದರೆ ಆ ಕಡೆಗೂ ವಾಲದೆ ಈ ಕಡೆಗೂ ವಾಲದೆ ತಕ್ಕಡಿಯ ಹಂಗೆ ನಿಂತಿತು. ಮಿಷನ್ನು ಎಗರಿದರೆ ಚೈನು ತಾನೇ ನಿಲ್ಲೋ ಬ್ರೇಕು ಇತ್ತು. ಬೇಕಾದ ಸಾಮಾನೆಲ್ಲ ಅದೇ ಅಂಗಡಿಯ ಗೂಡಿನಲ್ಲಿತ್ತು, ರಿಪೇರಿ ಮಾಡುವವನು ಹಿಂದುಗಡೆಯೇ ಕೂತಿದ್ದ. ನೀವೇ ಒಂದ್ಸಲ ಎಳೆದು ನೋಡಿ ಸಾ ಅಂತ ಅಂಗಡಿಯವನು ಮಿಷನ್ನನ್ನು ನೆಲದ ಮೇಲಿಟ್ಟ. ಇವರು ಹಿಂದಿನ ಹಿಡಿಯೊಳಕ್ಕೆ ಪಾದ ತೂರಿಸಿ ಒತ್ತಿ, ಎಡಗೈಯಲ್ಲಿ ಮುಂದಿನ ಹಿಡಿ ಅದುಮಿ, ಬಲಗೈಯಲ್ಲಿ ಹಗ್ಗ ಎಳೆದರು. ಕೆಮ್ಮಿ ಸುಮ್ಮನಾಯಿತು. ಇನ್ನೊಂದು ಸಲ ಎಳೆದರು. ಅಯ್ಯೋ, ಅಂಗಡಿಯೆಲ್ಲ ಅದುರಿತು! ಇವರು ನನ್ನ ಕಡೆ ತಿರುಗಿ ನಕ್ಕರು ನೋಡಿ, ಮದುವೆಯ ದಿನವೂ ಈ ಮಹಾರಾಯ ಹಂಗೆ ನಕ್ಕಿರಲಿಲ್ಲ. ಅದೇ ಕಟ್ಟಿಕೊಡಿ ಅಂದುಬಿಟ್ಟೆ ನಾನೇ.

ಮನೆ ಮುಟ್ಟಿದಾಗ ಹೊತ್ತು ಮುಳುಗೋಕೆ ಬಂದಿತ್ತು. ಇನ್ನೂ ಬೆಳಕಿದೆ, ನಡೀರಿ, ಒಂದು ಮರ ಬೀಳಿಸಿಬಿಡಿ ಅಂದೆ.

“ಸಂಜೆ ಒತ್ತಲ್ಲಿ ಮರಕ್ಕೆ ಕೈ ಆಕ್ಬಾರ್ದು ಕಣೇ, ಮಲಗಿರ್ತದೆ.”

“ಹಂಗಾದ್ರೆ ನಾಳೆ ಬೆಳಿಗ್ಗೆ.”

“ನಾಳೆ ಅಮಾಸೆ. ಆಚೆಗೆ ಆಷಾಢ. ಒಸಾ ಆಯುಧವ ಆಷಾಢದಲ್ಲಿ ಮರಕ್ಕೆ ಇಡ್ತಾರಾ? ಶ್ರಾವಣ ಬರ್ಲಿ.”

ನನಗೆ ಮೈಯೆಲ್ಲ ಉರಿದುಹೋಯಿತು. ದೇವಸ್ಥಾನಕ್ಕೆ ಕರೆದರೆ ನೆಪ ಹೇಳೋ ಮನುಷ್ಯ, ಶಾಸ್ತ್ರ ಕೇಳಿದರೆ ನಗೋ ಮನುಷ್ಯ, ಆಷಾಢ ಒಂದನ್ನ ಮಾತ್ರ ಗಟ್ಟಿಯಾಗಿ ಹಿಡಿದಿದ್ದರು. ಅವರಪ್ಪ ಆಷಾಢದಲ್ಲಿ ಹೊಸ ನೇಗಿಲು ಹೂಡಿದ ವರ್ಷ ಜೋಡಿಯಲ್ಲಿ ಒಂದು ಎತ್ತು ಸತ್ತಿತ್ತಂತೆ. “ನಿಮ್ಮ ಕೈಗೆ ಆಷಾಢ ಗೊತ್ತಾಗ್ತದೇನ್ರೀ? ಶ್ರಾವಣದ ತನಕ ಅದು ಕಾಯ್ತದಾ?” ಅಂತ ಕೂಗಿಬಿಟ್ಟೆ. ಬೀದಿಗೆ ಕೇಳಿಸಿರಬೇಕು. ಇವರು ಮಿಷನ್ನಿನ ಪಟ್ಟಿಗೆ ಮುಚ್ಚಳ ಹಾಕೋಕೆ ನೋಡಿದರು, ಸರಿಯಾಗಿ ಕೂರಲಿಲ್ಲ. ಕೊನೆಗೆ ನಾನೇ ಹಾಕಿದೆ.

ಆಷಾಢ ಪೂರ್ತಿ ಆ ಮಿಷನ್ನು ನಡುಮನೆಯಲ್ಲಿತ್ತು. ಗಾಳಿ ಹೆಂಚು ಕೀಳೋ ಹಂಗೆ ಬೀಸ್ತಿತ್ತು. ಇವರು ಅದರ ಮುಂದೆ ಮಣೆ ಹಾಕಿಕೊಂಡು ಕೂತು, ನಾನು ಸೊಪ್ಪು ಸೋಸ್ತಿದ್ದರೆ ನನಗೇ ಪಾಠ ಹೇಳೋರು. ಬರೀ ಪೆಟ್ರೋಲು ಹಾಕಬಾರದು, ಆಯಿಲ್ ಬೆರೆಸಬೇಕು, ಇಲ್ಲದಿದ್ದರೆ ಇಂಜಿನ್ನು ಹೊರಟೋಗ್ತದೆ. ಮರ ಬೀಳೋ ಕಡೆ ಮೊದಲು ಬುಡದಲ್ಲಿ ಕಚ್ಚು ಹಾಕಿ ಬಾಯಿ ತೆಗೀಬೇಕು, ಆಮೇಲೆ ಹಿಂದಿನಿಂದ ಕುಯ್ತಾ ಬರಬೇಕು. ನಂಗ್ಯಾಕೆ ಹೇಳ್ತೀರಿ, ನಾನೇನು ಮರ ಕುಯ್ಯೋಕೆ ಹೋಗ್ತೀನಾ ಅಂತ ರೇಗ್ತಿದ್ದೆ. ಆದರೂ ಕೇಳಿಸಿಕೊಳ್ತಿದ್ದೆ. ಅಷ್ಟರಲ್ಲೇ ಬಾಗಿಲ ಚಿಲಕ ಇವರ ಕೈಗೆ ಬಗ್ಗದೇ ಹೋಯಿತು. ಟವೆಲು ಹಿಂಡೋಕೆ ಆಗದೆ ನೀರು ಸುರೀತಾ ಹಂಗೇ ತಂತಿಗೆ ಹಾಕೋರು. ನಾನು ಹಿಂದಿನಿಂದ ಹೋಗಿ ಹಿಂಡಿ ಬರ್ತಿದ್ದೆ. ಕ್ಯಾಲೆಂಡರಿನ ಮುಂದೆ ನಿಂತಾಗೆಲ್ಲ ನನಗೆ ಅಳು ಬರ್ತಿತ್ತು, ಕೋಪವೂ ಬರ್ತಿತ್ತು.

ಆಷಾಢದ ಕೊನೆಯ ದಿನ ಭೀಮನ ಅಮಾವಾಸ್ಯೆ. ಗಂಡನ ಪಾದ ಪೂಜೆ ಮಾಡೋ ದಿನ. ಆವತ್ತು ಎಲ್ಲ ಹೆಂಗಸರೂ ಗಂಡನಿಗೆ ಆಯಸ್ಸು ಕೇಳ್ತಾರೆ. ನಾನು ಕೈ ಕೇಳಿದೆ. ಇನ್ನೊಂದೇ ದಿನದ ಕೈ ಕೊಡಪ್ಪ, ಆಮೇಲೆ ನಿನ್ನಿಷ್ಟ ಅಂದೆ. ಪೂಜೆ ಮುಗಿಸಿ ಅರಿಶಿನದ ದಾರ ಕಟ್ಟಿಸಿಕೊಳ್ಳೋಕೆ ಕೈ ಒಡ್ಡಿದೆ. ಇವರು ದಾರ ಸುತ್ತಿದರು. ಗಂಟು ಹಾಕೋಕೆ ನೋಡಿದರು, ಬೆರಳು ಜಾರಿತು. ಮತ್ತೆ ನೋಡಿದರು. ನಾನು ತಲೆ ಎತ್ತಲಿಲ್ಲ. ಕೊನೆಗೆ ಒಂದು ತುದಿಯನ್ನ ನಾನೇ ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದುಕೊಂಡೆ.

ಮಾರನೆಯ ದಿನ ಶ್ರಾವಣ. ಬೆಳಿಗ್ಗೆಯೇ ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಕುಯ್ದು, ನಾನೇ ಹೊತ್ತುಕೊಂಡು ಮೇಲಿನ ಹೊಲಕ್ಕೆ ಹೋದೆ. ಇವರು ಮುಂದೆ ಮುಂದೆ ನಡೆದರು. ಸೊರಗಿದ ಒಂದು ಸಿಲ್ವರಿನ ಮುಂದೆ ನಿಂತು, ತಪ್ಪು ತಿಳ್ಕಬ್ಯಾಡ ಅಂತ ಅದಕ್ಕೆ ಹೇಳಿ, ಮಿಷನ್ನು ನೆಲದ ಮೇಲಿಡು ಅಂದರು. ಪಾದ ತೂರಿಸಿದರು. ಹಗ್ಗ ಎಳೆದರು.

ಹಗ್ಗ ಅರ್ಧ ಬಂದು ಕೈಯಿಂದ ಜಾರಿತು. ಇನ್ನೊಂದು ಸಲ ಎಳೆದರು, ಮತ್ತೆ ಜಾರಿತು. ಹಗ್ಗವನ್ನ ಮಣಿಕಟ್ಟಿಗೆ ಸುತ್ತಿಕೊಳ್ಳೋಕೆ ಹೋದರು. ಅಯ್ಯಯ್ಯೋ ಬೇಡ, ಕೈ ಮುರಿದೀತು ಅಂತ ನಾನು ಕಿರುಚಿದೆ. ಸುಮಾರು ಹೊತ್ತು ಎಳೆದರು. ಬೆವರು ಕಣ್ಣಿಗೆ ಇಳೀತಿತ್ತು. ಮಿಷನ್ನು ಒಂದು ಸಲ ಕೆಮ್ಮಲೂ ಇಲ್ಲ.

“ನೀನು ಎಳಿ” ಅಂದರು.

ಎಳೆದೆ. ಗರ್ರನೆ ಎದ್ದಿತು. ಅದು ಎದ್ದಿದ್ದಕ್ಕೆ ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಎತ್ತಿ ಬಂಡೆಗೆ ಬಡಿಯೋಣ ಅನ್ನಿಸಿತು. ಇವರು ಎರಡೂ ಕೈ ಚಾಚಿದರು. ನಾನು ಭಾರ ಬಿಡದೆ ಹಿಡಿದುಕೊಂಡೇ ಕೊಟ್ಟೆ. ಅವರ ಬೆರಳು ಹಿಡಿಯ ಸುತ್ತ ಬಂದವು, ಆದರೆ ಮುಚ್ಚಲಿಲ್ಲ. ಇವರು ಕೈ ತೆಗೆದು ಹಿಂದಕ್ಕೆ ಸರಿದರು. ಗದ್ದದಲ್ಲೇ ಮರ ತೋರಿಸಿದರು. “ನೀನೇ ಕುಯ್ಯಿ. ಈ ಕಡೆ ಬಾಯಿ ತೆಗಿ. ಎದರ್ಬ್ಯಾಡ, ನಾನವ್ನಿ.”

ಕುಯ್ದೆ. ಸೂತ್ರದ ಗೊಂಬೆಯ ಹಂಗೆ ಅವರು ಹೇಳಿದ ಕಡೆ ತಿರುಗಿ, ಹೇಳಿದಷ್ಟು ಕುಯ್ದು, ಹಿಂದಿನಿಂದ ಬಂದೆ. ಮರ ಚಟಚಟ ಅಂದು, ಪಕ್ಕದ ಒಂದು ಎಲೆಯನ್ನೂ ಮುಟ್ಟದೆ ಬಯಲ ಕಡೆ ಬಿತ್ತು. ಮಿಷನ್ನು ಆರಿಸಿ, ನೋಡಿದ್ರಾ ಅಂತ ತಿರುಗಿದೆ. ಅವರು ಮರ ನೋಡ್ತಿರಲಿಲ್ಲ. ತಮ್ಮ ಕೈ ನೋಡ್ಕೊಳ್ತಿದ್ದರು.

“ಚೆನ್ನಾಗಿ ಬೀಳಿಸ್ದೆ ಕಣೇ” ಅಂದರು. ಅಷ್ಟೇ. ಮನೆಗೆ ಬರೋವಾಗ ನನ್ನ ಹಿಂದೆ ನಡೆದರು.

ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಬಡಿಸಿದೆ. ಅಲ್ಲಿಯ ತನಕ ಎಷ್ಟೇ ಹೊತ್ತಾಗಲಿ, ಎಷ್ಟೇ ಚೆಲ್ಲಲಿ, ತಮ್ಮ ಕೈಯಲ್ಲೇ ಮುರಿದು ತಿನ್ನೋರು. ನಾನು ಹತ್ತಿರ ಹೋದರೆ ಕಣ್ಣು ಬಿಡೋರು. ಅವತ್ತು ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತರು. ಸಾರು ಆರ್ತಾ ಬಂತು, ಮುದ್ದೆ ಮುರಿಯಲಿಲ್ಲ. ಯಾಕ್ರೀ ಅಂದೆ.

ಮೊಣಕೈಯಲ್ಲಿ ತಟ್ಟೆಯನ್ನ ನನ್ನ ಕಡೆ ತಳ್ಳಿ ಬಾಯಿ ತೆರೆದರು.